ಭಾನುವಾರದ ಊತ

ಫೆಬ್ರವರಿ 11

ಪ್ರೀತಿಯ ಗುಂಡಿಗೆ,

ನಿನ್ನ ಕತ್ತರಿಯ ನೆನಪುಗಳು. ಹೊಲಿಗೆ ಅಂಗಡಿಯವರು ನಮಗಿಬ್ಬರಿಗೂ ಇಟ್ಟ ಈ ಅಡ್ಡಹೆಸರುಗಳು ಇನ್ನೂ ಬಿಟ್ಟಿಲ್ಲ ನೋಡು. ನೀನು ಬರೆದ ಎರಡು ಪತ್ರಗಳಿಗೂ ಉತ್ತರ ಕೊಡದೆ ಕೂತಿದ್ದೇನೆ, ತಪ್ಪು ನನ್ನದೇ, ಹೊಟ್ಟೆಗೆ ಹಾಕಿಕೋ. ಮುದಿ ವಯಸ್ಸಿನಲ್ಲಿ ಮದುವೆಯಾಗಿ ಕತ್ತರಿಗೆ ಕೊಬ್ಬು ಬಂತು ಎಂದು ನೀನು ಹೊಲಿಗೆ ಅಂಗಡಿಯಲ್ಲೆಲ್ಲ ಹೇಳಿಕೊಂಡು ಬಂದಿರುತ್ತೀಯ, ನನಗೆ ಗೊತ್ತು. ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ಜೀವಮಾನವಿಡೀ ಹೊಲಿಗೆ ಮೆಷಿನ್ನಿನ ಸದ್ದು ಕೇಳಿ ನಿನ್ನ ಕಿವಿ ಮಂದವಾಗಿದೆ. ನಿನಗೆ ಕೇಳಿಸುವ ಹಾಗೆ ನಾನು ಫೋನಿನಲ್ಲಿ ಮಾತಾಡಿದರೆ ಮಹಡಿಯ ಮೇಲಿನವರಿಗೂ ಕೆಳಗಿನವರಿಗೂ ಕೇಳಿಸುತ್ತದೆ. ಇದು ಹಾಗೆ ಕೇಳಿಸುವ ವಿಷಯವಲ್ಲ. ಓದಿದ ಮೇಲೆ ನಿನ್ನ ಸೊಸೆಯ ಕೈಗೆ ಸಿಗದ ಹಾಗೆ ಇಡು. ಹುಡುಗಿ ಒಳ್ಳೆಯವಳೇ, ಆದರೆ ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ.

ಮೊದಲು ಸುಖದ ಸುದ್ದಿ ಹೇಳಿಬಿಡುತ್ತೇನೆ. ಮನೆ ಚೆನ್ನಾಗಿದೆ. ಎರಡು ಕೋಣೆ, ಒಂದು ಹಜಾರ, ಬಟ್ಟೆ ಒಣಗಿಸುವಷ್ಟು ಅಗಲದ ಬಾಲ್ಕನಿ. ನನ್ನ ಮೆಷಿನ್ನನ್ನು ಕಿಟಕಿಯ ಹತ್ತಿರ ಹಾಕಿಕೊಟ್ಟಿದ್ದಾರೆ. ಇವರ ಕೆಲಸ ನಿನಗೆ ಗೊತ್ತಲ್ಲ, ಹಣ್ಣು ತರಕಾರಿಯ ಸಗಟು ಮಾರುಕಟ್ಟೆಯಲ್ಲಿ ಹರಾಜು ಕೂಗುವುದು. ಬೆಳಕು ಹರಿಯುವ ಮೊದಲೇ ಹೋಗಿ, ಮಗುಚಿ ಹಾಕಿದ ಪೆಟ್ಟಿಗೆಯ ಮೇಲೆ ನಿಂತು "ಒಂದು ಸಲ, ಎರಡು ಸಲ" ಎಂದು ಶುರು ಮಾಡಿದರೆ ಲಾರಿಗಳ ಸದ್ದು ಅಡಗಿಹೋಗುತ್ತದಂತೆ. ಅಲ್ಲಿ ಇವರಿಗೆ ಗಂಟೆ ಎಂದೇ ಹೆಸರು. ಕೊಳ್ಳುವವರು ಬಾಯಿ ಬಿಟ್ಟು ಬೆಲೆ ಹೇಳುವುದಿಲ್ಲ. ಒಬ್ಬ ಕಿವಿ ಮುಟ್ಟುತ್ತಾನೆ, ಇನ್ನೊಬ್ಬ ಬೆರಳು ಎತ್ತುತ್ತಾನೆ, ಮತ್ತೊಬ್ಬ ಸುಮ್ಮನೆ ರೆಪ್ಪೆ ಹೊಡೆಯುತ್ತಾನೆ. ಯಾರು ಯಾರ ಜೊತೆ ಒಳಗೊಳಗೇ ಕೈಜೋಡಿಸಿದ್ದಾರೆ ಎಂಬುದನ್ನು ಇವರು ನಿಂತಲ್ಲಿಂದಲೇ ಹೇಳಿಬಿಡುತ್ತಾರೆ. ಅನುಮಾನವೇ ಇವರ ಅನ್ನ. ಹೊಸದರಲ್ಲಿ ನನಗೂ ಆ ಬೆರಳು ಸನ್ನೆಗಳನ್ನೆಲ್ಲ ಕಲಿಸಿದರು. ಎರಡನೇ ಲೋಟ ಕಾಫಿ ಬೇಕೆಂದರೆ ಈಗಲೂ ಪೇಪರಿನ ಹಿಂದಿನಿಂದ ಎರಡು ಬೆರಳು ಎತ್ತುತ್ತಾರೆ. ನಾನು ಹರಾಜು ಮುಗಿಸುವವರ ಹಾಗೆ "ಮೂರು ಸಲ" ಎಂದು ಕೂಗಿ ಲೋಟ ಇಡುತ್ತೇನೆ. ನಗಬೇಡ, ಐವತ್ತು ದಾಟಿದ ಮೇಲೆ ಇಂಥದ್ದೆಲ್ಲ ಬೇಕಾಗುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ತಿಂಗಳು ಒಂದು ಭಾನುವಾರ ಊಟ ಮುಗಿಸಿ ಎದ್ದವರು ಕನ್ನಡಿಯ ಮುಂದೆ ನಿಂತು "ಇದೇನೇ ಇದು" ಎಂದರು. ಮೇಲ್ತುಟಿ ಒಂದು ಕಡೆ ಊದಿ ಜೋತುಬಿದ್ದಿತ್ತು. ನಾನು ಮೊದಲು ನಕ್ಕೆ, ದೇವರಾಣೆ. ಜೇನುಹುಳ ಕಚ್ಚಿತೇನೋ ಎಂದುಕೊಂಡೆ. ನೋಡನೋಡುತ್ತಿದ್ದಂತೆ ಇನ್ನೊಂದು ಕಡೆಯೂ ಊದಿತು. ತುರಿಕೆ ಇಲ್ಲ, ದದ್ದು ಇಲ್ಲ, ನೋವೂ ಇಲ್ಲ. ಬೀದಿ ಕೊನೆಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಆ ಡಾಕ್ಟರು ತಲೆ ಎತ್ತಿಯೂ ನೋಡದೆ, "ಏನೋ ತಿಂದಿದ್ದಾರೆ, ಮೈಗೆ ಹಿಡಿಸಿಲ್ಲ. ಮನೇಲಿ ಅಡುಗೆ ಯಾರು ಮಾಡೋದು?" ಎಂದರು. ನಾನು ಕೈ ಎತ್ತಿದೆ, ಶಾಲೆಯ ಹುಡುಗಿಯ ಹಾಗೆ. ಅಲರ್ಜಿಗೆ ಒಂದು ಇಂಜೆಕ್ಷನ್ ಕೊಟ್ಟರು. ಮಾರನೆಯ ದಿನ ಊತ ಇಳಿಯಿತು.

ಇವರ ಮಗಳು ಜೊತೆಗಿದ್ದಳು. ಅವಳ ವಿಷಯ ನಿನಗೆ ಹೇಳಿದ್ದೇನಲ್ಲ, ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ, ಊರಿನ ಆ ಬದಿಯಲ್ಲಿ ಗಂಡನ ಮನೆ. ಪ್ರತಿ ಭಾನುವಾರ ಬೆಳಗ್ಗೆ ಬರುತ್ತಾಳೆ. ಬಂದವಳು ಮೊದಲು ಮಾಡುವ ಕೆಲಸ ಅಪ್ಪನ ಮಾತ್ರೆ ಡಬ್ಬಿ ತೆರೆದು ನೋಡುವುದು. ವಾರದ ಒಂದೊಂದು ದಿನಕ್ಕೆ ಒಂದೊಂದು ಗೂಡು ಇರುವ ಡಬ್ಬಿ ಅದು, ಅವಳೇ ತಂದುಕೊಟ್ಟದ್ದು. ಮದುವೆಗೆ ಮುಂಚೆ ಮಾಡಿಸಿದ ತಪಾಸಣೆಯಲ್ಲಿ ಇವರಿಗೆ ಬಿಪಿ ಇದೆಯೆಂದು ಗೊತ್ತಾಗಿ, ದಿನಕ್ಕೊಂದು ಮಾತ್ರೆ ಬರೆದುಕೊಟ್ಟಿದ್ದರು. ಮಾತ್ರೆಯೂ ನಾನೂ ಈ ಮನೆಗೆ ಒಂದೇ ತಿಂಗಳಲ್ಲಿ ಬಂದೆವು. ಗೂಡುಗಳೆಲ್ಲ ಖಾಲಿಯಿದ್ದರೆ "ಗುಡ್, ಅಪ್ಪ" ಎಂದು ಬೆನ್ನು ತಟ್ಟಿ ಮತ್ತೆ ತುಂಬಿಸುತ್ತಾಳೆ. ನೂರು ಜನ ವ್ಯಾಪಾರಿಗಳನ್ನು ಗದರಿಸುವ ಗಂಟೆ ಮಗಳ ಮುಂದೆ ಕೈಕಟ್ಟಿ ನಿಲ್ಲುವುದನ್ನು ನೀನು ನೋಡಬೇಕು.

ಮತ್ತೊಂದು ಭಾನುವಾರ ಪುನಃ ಊದಿತು. ಈ ಸಲ ಕೆನ್ನೆಯೂ ಸೇರಿ. ಮಗಳು ಐಸ್ ಒತ್ತುತ್ತಾ, ನನ್ನನ್ನು ನೋಡದೆ ಕೇಳಿದಳು: "ಚಿಕ್ಕಮ್ಮ, ಇವತ್ತು ಅಡುಗೆಗೆ ಏನೇನು ಹಾಕಿದ್ರಿ?"

"ಉಪ್ಪು, ಖಾರ, ಎಣ್ಣೆ. ನಿಮ್ಮಮ್ಮನೂ ಅದನ್ನೇ ಹಾಕ್ತಿದ್ದಿರಬೇಕು" ಎಂದೆ.

"ಅಮ್ಮ ಇದ್ದಾಗ ಅಪ್ಪನಿಗೆ ಒಂದು ಸಲವೂ ಹೀಗಾಗಿರ್ಲಿಲ್ಲ" ಎಂದಳು. ಅಷ್ಟೇ ಮಾತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಯವಾಗಿ ಹೇಳಿದಳು. ಆದರೆ ಸಂಜೆ ಅವಳು ಹೋದ ಮೇಲೆ ಅಡುಗೆಮನೆಗೆ ಹೋದರೆ ನನ್ನ ಖಾರದ ಪುಡಿಯ ಡಬ್ಬಿ, ಅರಿಶಿನದ ಡಬ್ಬಿ, ಎಲ್ಲದರ ಮುಚ್ಚಳವೂ ಒಂದಿಷ್ಟು ಓರೆಯಾಗಿತ್ತು. ನಾನು ಮುಚ್ಚಳವನ್ನು ಹೇಗೆ ಮುಚ್ಚುತ್ತೇನೆಂದು ನಿನಗೆ ಗೊತ್ತು. ಪ್ರತಿಯೊಂದರಿಂದಲೂ ಒಂದು ಚಮಚ ಯಾರೋ ತೆಗೆದಿದ್ದರು. ಯಾರೋ ಎಂದು ಯಾಕೆ ಬರೆಯಲಿ, ಅವಳೇ.

ಗುಂಡಿ, ನನಗೂ ಈಗ ಅನುಮಾನ ಹುಟ್ಟಿಕೊಂಡಿದೆ. ಪ್ರತಿ ಭಾನುವಾರ ಹಣ್ಣು ತರುವವಳು ಅವಳು. ಅಪ್ಪನ ಮನೆಯಲ್ಲಿ ಹೊಸ ಹೆಂಗಸು ನೆಲೆಯೂರಬಾರದೆಂದು ಯಾರಿಗೆ ಅನ್ನಿಸುತ್ತದೆ ಹೇಳು. ಥೂ, ಇದನ್ನು ಬರೆಯುವಾಗಲೇ ನನ್ನ ಬಗ್ಗೆ ನನಗೆ ಹೇಸಿಗೆಯಾಗುತ್ತದೆ. ಆದರೂ ಅವಳು ತಂದ ದ್ರಾಕ್ಷಿಯನ್ನು ನಾನೇ ಮೊದಲು ಹಿಡಿ ತುಂಬ ತಿಂದು ನೋಡಿದೆ. ಏನೂ ಆಗಲಿಲ್ಲ. ಹುಳಿಯಿತ್ತು.

ನಿನ್ನ ಮೊಮ್ಮಗುವಿಗೆ ನನ್ನ ಮುತ್ತು. ನಿಮ್ಮೆಲ್ಲರ ಕೈಕಾಲು ಗಟ್ಟಿಯಾಗಿರಲಿ.

ನಿನ್ನ
ಕತ್ತರಿ

ಮರೆತ ಮಾತು: "ಅಮ್ಮ ಇದ್ದಾಗ" ಎಂದು ಅವಳು ಹೇಳಿದಾಗ ಇವರು ಅಲ್ಲೇ ಕೂತಿದ್ದರು. ತುಟಿ ಊದಿತ್ತು, ನಿಜ. ಆದರೆ ಮಾತಾಡಲಾಗದಷ್ಟೇನೂ ಊದಿರಲಿಲ್ಲ.


ಮಾರ್ಚ್ 17

ಪ್ರೀತಿಯ ಗುಂಡಿ,

ನಿನ್ನ ಪತ್ರ ಸಿಕ್ಕಿತು. "ಎರಡನೇ ಹೆಂಡತಿಯ ಕೈಯಡುಗೆ ಅಮೃತವಾದರೂ ಊರವರ ಬಾಯಿಗೆ ಕಹಿ" ಎಂದು ಬರೆದಿದ್ದೀಯ. ಗಾದೆ ನಿನ್ನದೇ ಇರಬೇಕು, ಎಲ್ಲೂ ಕೇಳಿಲ್ಲ, ಆದರೆ ಸರಿಯಾಗಿದೆ. ತಡವಾದದ್ದಕ್ಕೆ ಬೇಸರಿಸಬೇಡ. ಈ ಮನೆಯಲ್ಲಿ ಪೆನ್ನು ಹಿಡಿದು ಕೂತರೂ ಯಾರಿಗೆ ಬರೆಯುತ್ತಿದ್ದಾಳೆ ಎಂದು ಕಣ್ಣುಗಳು ಹಿಂಬಾಲಿಸುತ್ತವೆ. ಈಗ ಇವರು ಮಾರುಕಟ್ಟೆಯಲ್ಲಿದ್ದಾರೆ, ನಾನು ಬಾಲ್ಕನಿಯಲ್ಲಿ ಒದ್ದೆ ಬಟ್ಟೆಗಳ ಮರೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಊತ ನಿಂತಿಲ್ಲ. ಎಲ್ಲ ಭಾನುವಾರವೂ ಬರುವುದಿಲ್ಲ, ಆದರೆ ಬಂದರೆ ಭಾನುವಾರವೇ. ಕ್ಲಿನಿಕ್ಕಿನವರು ಹೇಳಿದಂತೆ ಮೊದಲು ಮೊಟ್ಟೆ ಬಿಟ್ಟೆವು, ಆಮೇಲೆ ಮೀನು, ಆಮೇಲೆ ಕಡಲೆಕಾಯಿ. ಈಗ ನಮ್ಮ ಊಟ ಎಂದರೆ ಅನ್ನ, ಬೇಯಿಸಿದ ತರಕಾರಿ, ಒಂದು ಚಿಟಿಕೆ ಉಪ್ಪು. ಹಾಗಿದ್ದೂ ಊದಿತು. ಮಗಳು ತೆಗೆದುಕೊಂಡು ಹೋದ ಪುಡಿಗಳನ್ನು ಅವಳ ಶಾಲೆಯ ರಸಾಯನಶಾಸ್ತ್ರದ ಮೇಡಂ ಪರೀಕ್ಷೆ ಮಾಡಿದರಂತೆ. ಅರಿಶಿನ ಅರಿಶಿನವೇ ಎಂದು ಗೊತ್ತಾಯಿತಂತೆ. ಅದನ್ನು ನಾನು ಬಿಟ್ಟಿಯಾಗಿ ಹೇಳುತ್ತಿದ್ದೆ.

ಹೋದ ಭಾನುವಾರ ಅವಳು ನನ್ನನ್ನು ಹಜಾರದಲ್ಲಿ ಕೂರಿಸಿ, ಮಕ್ಕಳಿಗೆ ಲೆಕ್ಕ ಬಿಡಿಸಿ ತೋರಿಸುವ ಹಾಗೆ ಮಾತಾಡಿದಳು. "ಚಿಕ್ಕಮ್ಮ, ಬೇಜಾರು ಮಾಡ್ಕೋಬೇಡಿ. ಬೇರೆ ದಿನ ಅಪ್ಪ ತಿಂಡಿ, ಊಟ ಎರಡೂ ಮಾರ್ಕೆಟ್ ಕ್ಯಾಂಟೀನಲ್ಲಿ ಮಾಡ್ತಾನೆ, ರಾತ್ರಿ ಬರೀ ಹಾಲು, ಬ್ರೆಡ್ಡು. ಆಗ ಏನೂ ಆಗಲ್ಲ. ಭಾನುವಾರ ಮಾತ್ರ ಪೂರ್ತಿ ನಿಮ್ಮ ಕೈಯಡುಗೆ. ಅವತ್ತೇ ಊದುತ್ತೆ. ನೀವೇ ಹೇಳಿ, ನಾನೇನು ಅಂದ್ಕೋಬೇಕು?"

ಗುಂಡಿ, ಆ ಲೆಕ್ಕದಲ್ಲಿ ತಪ್ಪು ಎಲ್ಲಿದೆ ಎಂದು ನನಗೂ ಗೊತ್ತಾಗಲಿಲ್ಲ. ಅದೇ ನೋಡು ಉರಿಯುವುದು. ಬೈದರೆ ತಿರುಗಿ ಬೈಯಬಹುದು, ಲೆಕ್ಕಕ್ಕೆ ಏನು ಹೇಳುವುದು?

"ನಾನು ನಿಮ್ಮಪ್ಪನಿಗೆ ವಿಷ ಹಾಕ್ತೀನಿ ಅಂತ ಹೇಳ್ತಿದ್ದೀಯಾ?" ಎಂದೆ.

"ಹಾಗೆ ಹೇಳ್ಲಿಲ್ಲ ಚಿಕ್ಕಮ್ಮ. ಗೊತ್ತಿಲ್ದೆ ಏನೋ ಆಗ್ತಿರಬಹುದು. ನೀವು ಒಂದಷ್ಟು ದಿನ ನಿಮ್ಮ ಗೆಳತಿ ಮನೇಲಿ ಇದ್ದು ಬನ್ನಿ. ಆಗ ಊದದೇ ಇದ್ರೆ ಗೊತ್ತಾಗುತ್ತೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ನಾನು ಹೊರಗೆ ಹೋದ ಮೇಲೆ, ಊತ ಸುಮ್ಮನೆ ತಾನಾಗಿ ನಿಂತುಬಿಟ್ಟರೂ ನನ್ನ ಕಥೆ ಮುಗಿಯಿತು. ವಾಪಸ್ಸು ಬರಲು ಬಾಗಿಲೇ ಇರುವುದಿಲ್ಲ. ಈ ಮದುವೆಗಾಗಿ ಅಂಗಡಿಯ ಮೇಲಿನ ನನ್ನ ಕೋಣೆ ಬಿಟ್ಟೆ, ಕೆಲಸ ಬಿಟ್ಟೆ. ಆ ಕೋಣೆಗೆ ಯಾರಾದರೂ ಬಂದಿದ್ದಾರೆಯೇ? ಸುಮ್ಮನೆ ಕೇಳಿದೆ. ಹಾಗೆಲ್ಲ ಏನಿಲ್ಲ. ವಿಚಾರಿಸಿ ಬರೆ.

ಇವರ ಬಗ್ಗೆ ಹೇಳುತ್ತೇನೆ. ಇವರು ಏನನ್ನೋ ಮುಚ್ಚಿಡುತ್ತಿದ್ದಾರೆ. ಎಷ್ಟು ವರ್ಷ ಗಿರಾಕಿಗಳ ಅಳತೆ ತೆಗೆದಿದ್ದೇನೆ, ಹೊಟ್ಟೆ ಒಳಗೆಳೆದುಕೊಂಡವರನ್ನು ಗುರುತಿಸಲು ನನಗೆ ಟೇಪು ಬೇಕಾಗಿಲ್ಲ. ಭಾನುವಾರ ಬೆಳಗ್ಗೆ, ಮಗಳು ಬರುವುದಕ್ಕೆ ಸ್ವಲ್ಪ ಮುಂಚೆ, ದೊಡ್ಡ ಲೋಟದಲ್ಲಿ ನೀರು ಹಿಡಿದುಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಮಧ್ಯಾಹ್ನ ಕುರ್ಚಿಯಿಂದ ಎದ್ದರೆ ತಲೆ ಸುತ್ತಿ ಗೋಡೆ ಹಿಡಿಯುತ್ತಾರೆ, ಆಮೇಲೆ ಸಂಜೆಯವರೆಗೂ ನಿದ್ದೆ. ಮದುವೆಯಾದಾಗಿನಿಂದ ಒಂದು ಒಣಕೆಮ್ಮು ಬೇರೆ ಇದೆ. ಕಫ ಇಲ್ಲ, ನೆಗಡಿ ಇಲ್ಲ, ಗಂಟಲಲ್ಲಿ ಕೂದಲು ಸಿಕ್ಕಿಕೊಂಡ ಹಾಗೆ ಖೊಕ್ ಖೊಕ್ ಎನ್ನುತ್ತಾರೆ. ಕೇಳಿದರೆ "ಮಾರ್ಕೆಟ್ ಧೂಳು ಕಣೇ" ಎನ್ನುತ್ತಾರೆ. ಕುಡಿಯುತ್ತಾರೇನೋ ಎಂದು ಬಾಯಿಯ ಹತ್ತಿರ ಮೂಗು ತಂದು ನೋಡಿದೆ. ಮುತ್ತು ಕೊಡಲು ಬಂದೆ ಎಂದುಕೊಂಡರು ಪಾಪ. ವಾಸನೆ ಏನೂ ಇರಲಿಲ್ಲ.

ನೋಡು, ಮಗಳು ನನ್ನನ್ನು ಅನುಮಾನಿಸುತ್ತಾಳೆ, ನಾನು ಮಗಳನ್ನೂ ಇವರನ್ನೂ ಅನುಮಾನಿಸುತ್ತೇನೆ, ಇವರು ಯಾರನ್ನು ಅನುಮಾನಿಸುತ್ತಾರೋ ಬಾಯಿ ಬಿಡುವುದಿಲ್ಲ. ಊಟದ ಮೇಜಿನ ಸುತ್ತ ಮೂರು ಜನ ಪೊಲೀಸರು ಕೂತ ಹಾಗಿದೆ. ಮೊನ್ನೆ ಇವರ ಮುಂದೆ ನೇರವಾಗಿ ಕೇಳಿಬಿಟ್ಟೆ. "ರೀ, ಮಗಳು ನನ್ನನ್ನ ಹೊರಗೆ ಕಳಿಸು ಅಂತಿದ್ದಾಳೆ. ನೀವೇನು ಹೇಳ್ತೀರಿ?"

ಇವರು ಚಮಚ ತಿರುಗಿಸುತ್ತಾ ಕೂತರು. "ಅವಳು ಹೆದರಿದ್ದಾಳೆ ಅಷ್ಟೇ. ಅಮ್ಮನೂ ಇಲ್ಲ ನೋಡು" ಎಂದರು.

"ನಾನು ಕೇಳಿದ್ದು ಅವಳ ವಿಷಯ ಅಲ್ಲ."

"ನನ್ನ ಗಂಟಲು ಹೋದ್ರೆ ನನ್ನ ಕೆಲಸ ಹೋಯ್ತು ಕಣೇ. ನನಗೂ ಭಯ ಇಲ್ವಾ?" ಎಂದರು. ಅದು ಉತ್ತರವಾಯಿತೇ ನೀನೇ ಹೇಳು. ಬಿಸಿ ತುಪ್ಪದ ಹಾಗೆ ಆಗಿದೆ, ನುಂಗಲೂ ಆಗದು, ಉಗುಳಲೂ ಆಗದು.

ಕೊನೆಗೆ ನಾನೇ ಮಗಳಿಗೆ ಸವಾಲು ಹಾಕಿದ್ದೇನೆ. ಮುಂದಿನ ಭಾನುವಾರ ನಾನು ಅಡುಗೆಮನೆಯ ಹೊಸ್ತಿಲು ತುಳಿಯುವುದಿಲ್ಲ. ಕಾಫಿಯಿಂದ ಹಿಡಿದು ಎಲ್ಲವನ್ನೂ ಅವಳೇ ಅವಳ ಮನೆಯಿಂದ, ಅವಳ ಪಾತ್ರೆಯಲ್ಲಿ ತರಬೇಕು, ಅವಳೇ ಬಡಿಸಬೇಕು. ಊದದಿದ್ದರೆ ಸೋಮವಾರ ಪೆಟ್ಟಿಗೆ ಕಟ್ಟಿಕೊಂಡು ನಿನ್ನ ಹತ್ತಿರ ಬರುತ್ತೇನೆ. ಊದಿದರೆ ಆಮೇಲೆ ನಾನು ಮಾತಾಡುತ್ತೇನೆ. ಅವಳು ಒಪ್ಪಿದಳು. ಇವರೂ ತಲೆಯಾಡಿಸಿದರು.

ನೀನು ಚೆನ್ನಾಗಿರು. ಕನ್ನಡಕ ಬದಲಾಯಿಸು, ಹೋದ ಪತ್ರದಲ್ಲಿ ಸಾಲುಗಳೆಲ್ಲ ಬೆಟ್ಟ ಹತ್ತಿದ್ದವು.

ನಿನ್ನ
ಕತ್ತರಿ

ಮರೆತ ಮಾತು: ಊದಲಿ ಎಂದು ಬೇಡಿಕೊಳ್ಳುತ್ತಿದ್ದೇನೆ. ಕಟ್ಟಿಕೊಂಡ ಗಂಡನ ಬಾಯಿ ಊದಲಿ ಎಂದು ಬೇಡಿಕೊಳ್ಳುವ ಹೆಂಡತಿ ನಾನು. ಇದನ್ನು ಹರಿದು ಹಾಕು.


ಏಪ್ರಿಲ್ 6

ನನ್ನ ಗುಂಡಿ,

ನೀನು ಹೆದರಿ ಫೋನ್ ಮಾಡಿದ್ದೆ, ನಾನು "ಎಲ್ಲಾ ಸರಿ ಇದೆ" ಎಂದು ಕಿರುಚಿ ಇಟ್ಟುಬಿಟ್ಟೆ, ಕ್ಷಮಿಸು. ಆಸ್ಪತ್ರೆಯ ಕಾರಿಡಾರಿನಲ್ಲಿದ್ದೆ, ನರ್ಸ್ ಗದರಿಸಿದಳು. ಈಗ ಸಾವಕಾಶವಾಗಿ ಎಲ್ಲವನ್ನೂ ಹೇಳುತ್ತೇನೆ. ಮೊದಲೇ ಹೇಳಿಬಿಡುತ್ತೇನೆ, ಇವರು ಬದುಕಿದ್ದಾರೆ, ಚೆನ್ನಾಗಿದ್ದಾರೆ, ನಿನ್ನೆಯಿಂದ ಮತ್ತೆ ಹರಾಜಿಗೆ ಹೋಗುತ್ತಿದ್ದಾರೆ.

ಆ ಭಾನುವಾರ ಮಗಳು ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಗಳಲ್ಲಿ ತಿಂಡಿ, ಬಾಟಲಿಯಲ್ಲಿ ಕುಡಿಯುವ ನೀರು ಕೂಡ ತಂದಳು. ನಾನು ಮಾತಿನಂತೆ ಬಾಲ್ಕನಿಯಲ್ಲಿ ಕೂತು ಒಂದು ಹಳೆಯ ಪ್ಯಾಂಟಿನ ಅಂಚು ಹೊಲಿಯುತ್ತಿದ್ದೆ. ಒಳಗೆ ತಂದೆ ಮಗಳು ತಿಂಡಿ ತಿಂದರು, ನಕ್ಕರು. ಆ ನಗು ನನ್ನ ಕಿವಿಗೆ ಚುಚ್ಚಿತು. ಇವತ್ತು ಊದುವುದಿಲ್ಲ, ನನ್ನ ಗಂಟು ಕಟ್ಟುವುದೇ ಸರಿ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ನಗು ನಿಂತಿತು. "ಅಪ್ಪ, ಯಾಕೆ ಹಾಗೆ ಮಾತಾಡ್ತಿದ್ದೀಯ?" ಎಂದು ಮಗಳು ಕೇಳಿದ್ದು ಕೇಳಿಸಿತು.

ಓಡಿಹೋಗಿ ನೋಡಿದೆ. ಈ ಸಲ ತುಟಿ ಮಾತ್ರವಲ್ಲ, ನಾಲಿಗೆಯೂ ಊದಿತ್ತು. ಬಾಯಿ ತುಂಬ ಹಿಟ್ಟು ಇಟ್ಟುಕೊಂಡವರ ಹಾಗೆ "ಅಬ್ ಅಬ್" ಎನ್ನುತ್ತಿದ್ದರು. ಮಗಳು ತಾನು ತಂದ ಡಬ್ಬಿಗಳನ್ನೇ ನೋಡುತ್ತಾ ನಿಂತಿದ್ದಳು. ನಿನಗೆ ಸುಳ್ಳು ಹೇಳುವುದಿಲ್ಲ, ಒಂದು ಕ್ಷಣ ನನಗೆ ಖುಷಿಯಾಯಿತು. ನೋಡಿಕೋ, ಈಗ ಯಾರ ಕೈಯಡುಗೆ, ಎಂದು ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಇವರು ಉಗುಳು ನುಂಗಲಾಗದೆ ಕತ್ತು ಹಿಡಿದುಕೊಂಡರು. ಖುಷಿ ಎಲ್ಲಿ ಹೋಯಿತೋ ಗೊತ್ತಿಲ್ಲ.

ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋದೆವು. ಅಲ್ಲೊಬ್ಬ ಡಾಕ್ಟರಮ್ಮ, ಕೂದಲೆಲ್ಲ ಬೆಳ್ಳಗಾಗಿದೆ, ದನಿ ಮೆತ್ತಗೆ, ಕೈ ಚುರುಕು. ಮೂಗಿಗೆ ಆಮ್ಲಜನಕ ಇಟ್ಟು, ಉಸಿರಾಟದ ಕೊಳವೆಯನ್ನು ಪಕ್ಕದಲ್ಲೇ ಸಿದ್ಧ ಮಾಡಿಸಿ, ಅಲರ್ಜಿಯ ಇಂಜೆಕ್ಷನ್ ಕೊಟ್ಟು ಕಾದರು. ಊತ ಜಗ್ಗಲಿಲ್ಲ. ಮಗಳು ಅಳುತ್ತಾ, "ನಾನೇ ಅಡುಗೆ ಮಾಡಿದ್ದು ಡಾಕ್ಟರ್, ನಾನೇ ಬಡಿಸಿದ್ದು" ಎಂದು ಹೇಳುತ್ತಲೇ ಇದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ. ಡಾಕ್ಟರಮ್ಮ ಅಡುಗೆಯ ವಿಷಯ ಕೇಳಿಸಿಕೊಳ್ಳಲೇ ಇಲ್ಲ. "ಮೈ ತುರಿಕೆ ಇದೆಯಾ? ದದ್ದು ಎದ್ದಿದೆಯಾ?" ಎಂದರು. ಎಂದೂ ಇರಲಿಲ್ಲ ಎಂದೆ. "ಒಣಕೆಮ್ಮು?" ಎಂದರು. ನಾನು ಬಾಯಿ ತೆರೆದು ಅವರನ್ನೇ ನೋಡಿದೆ. "ಇದೆ, ಮದುವೆಯಾದಾಗಿಂದ" ಎಂದೆ. "ಬಿಪಿಗೆ ಮಾತ್ರೆ ತಗೋತಾರಾ?"

ಮಗಳು ಕಣ್ಣು ಒರೆಸಿಕೊಂಡು, "ದಿನಕ್ಕೊಂದು, ಡಾಕ್ಟರ್. ಒಂದು ದಿನವೂ ತಪ್ಪಿಸಿಲ್ಲ. ಪ್ರತಿ ವಾರ ನಾನೇ ಡಬ್ಬಿ ನೋಡ್ತೀನಿ" ಎಂದಳು, ಬ್ಯಾಗಿನಿಂದ ಔಷಧಿ ಚೀಟಿ ತೆಗೆದು ಮಾತ್ರೆಯ ಹೆಸರು ತೋರಿಸಿದಳು.

"ಇವತ್ತು ತಗೊಂಡ್ರಾ?" ಎಂದು ಡಾಕ್ಟರಮ್ಮ ಇವರನ್ನೇ ಕೇಳಿದರು.

ಇವರಿಗೆ ನಾಲಿಗೆ ಹೊರಳುತ್ತಿರಲಿಲ್ಲ. ಮಗಳ ಮುಖ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಮೆಲ್ಲಗೆ ಕೈ ಎತ್ತಿದರು. ಒಂದು ಬೆರಳಲ್ಲ, ಐದೂ ಬೆರಳು. ಎತ್ತಿದ ಅಂಗೈಯನ್ನು ಹಾಸಿಗೆಯ ಮೇಲೆ ಒಂದು ಸಲ ಸವರಿದರು. ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಮಾರುಕಟ್ಟೆಯಲ್ಲಿ ವಾರದ ಕೊನೆಗೆ ನೆಲದ ಮೇಲೆ ಒಂದು ಪೆಟ್ಟಿಗೆಯೂ ಉಳಿಯುವಂತಿಲ್ಲ. ಮಾರಾಟವಾಗದೆ ಉಳಿದ ಚಿಲ್ಲರೆ ಸರಕನ್ನೆಲ್ಲ ಒಂದೇ ರಾಶಿ ಹಾಕಿ ಒಟ್ಟಿಗೆ ಕೂಗಿಬಿಡುತ್ತಾರೆ. ಆ ರಾಶಿಯ ಸನ್ನೆ ಅದು.

"ಉಳಿದಿದ್ದನ್ನೆಲ್ಲ ಒಟ್ಟಿಗೆ ನುಂಗಿದ್ದಾರೆ ಡಾಕ್ಟರೇ" ಎಂದೆ. ಇವರು ಕಣ್ಣು ಮುಚ್ಚಿಕೊಂಡರು.

ಆಮೇಲೆ ಇವರೇ ಬಾಯಿಬಿಟ್ಟರು. ಆದದ್ದು ಏನೆಂದರೆ, ಮಾತ್ರೆ ಶುರುವಾದ ಹೊಸದರಲ್ಲೇ ಒಂದು ದಿನ ಇವರು "ಎರಡು ಸಲ" ಎಂದು ಕೂಗಿದ ಮೇಲೆ "ಮೂರು" ಎನ್ನುವ ಮೊದಲು ಕೆಮ್ಮು ಬಂತಂತೆ. ಆ ಕೆಮ್ಮಿನ ನಡುವೆ ಇನ್ನೊಬ್ಬ ಬೆರಳು ಎತ್ತಿದ, ಮೊದಲನೆಯವನು ಸರಕು ನನ್ನದಾಯಿತು ಎಂದ, ದೊಡ್ಡ ರಂಪವಾಯಿತು. ಮಾತ್ರೆಯಿಂದಲೇ ಗಂಟಲು ಕೆರೆಯುತ್ತದೆ ಎಂದು ಇವರಿಗೆ ಅನುಮಾನ ಬಂತು. ಆ ಅನುಮಾನ ಸರಿಯಾಗಿಯೇ ಇತ್ತು ನೋಡು! ಆದರೆ ಯಾರಿಗೂ ಹೇಳಲಿಲ್ಲ. ದೊಡ್ಡ ಹರಾಜಿನ ದಿನಗಳಲ್ಲಿ ಮಾತ್ರೆ ಮುಟ್ಟದೆ, ಭಾನುವಾರ ಮಗಳು ಡಬ್ಬಿ ನೋಡಿ ಬೈಯುತ್ತಾಳೆಂದು, ಅವಳು ಬರುವ ಮೊದಲು ಗೂಡುಗಳನ್ನೆಲ್ಲ ಖಾಲಿ ಮಾಡಿ ಒಂದೇ ಗುಟುಕಿಗೆ ನುಂಗಿಬಿಡುತ್ತಿದ್ದರು. ಎಸೆದಿದ್ದರೂ ಆಗುತ್ತಿತ್ತು. ಸರಕು ಎಸೆಯುವುದು ಇವರ ಜಾಯಮಾನದಲ್ಲೇ ಇಲ್ಲ.

ಡಾಕ್ಟರಮ್ಮ ನಮಗೆ ಅರ್ಥವಾಗುವ ಹಾಗೆ ಹೇಳಿದರು. ನಮ್ಮ ರಕ್ತದಲ್ಲಿ ಪೆಪ್ಟೈಡ್ ಎಂಬ ಸಣ್ಣ ಸಣ್ಣ ಪದಾರ್ಥಗಳಿರುತ್ತವಂತೆ. ಒಂದು ಬಗೆಯದು ರಕ್ತನಾಳವನ್ನು ಬಿಗಿ ಮಾಡುತ್ತದೆ, ಇನ್ನೊಂದು ಬಗೆಯದು ಸಡಿಲ ಮಾಡುತ್ತದೆ. ಬಿಗಿ ಮಾಡುವುದನ್ನು ಕತ್ತರಿಸಿ ತಯಾರಿಸುವ ಒಂದು ಕತ್ತರಿ ಮೈಯಲ್ಲೇ ಇದೆ. ಈ ಮಾತ್ರೆ ಆ ಕತ್ತರಿಯನ್ನು ಕಟ್ಟಿಹಾಕುತ್ತದೆ, ಆಗ ಬಿಪಿ ಇಳಿಯುತ್ತದೆ. ಆದರೆ ಸಡಿಲ ಮಾಡುವ ಪದಾರ್ಥವನ್ನು ಚೂರು ಮಾಡಿ ಮುಗಿಸುವುದೂ ಅದೇ ಕತ್ತರಿ. ಕತ್ತರಿ ಕಟ್ಟಿಹೋದರೆ ಅದು ಸುಮ್ಮನೆ ಸೇರುತ್ತಾ ಹೋಗುತ್ತದೆ. ಕೆಲವರಿಗೆ ಗಂಟಲು ಕೆರೆದು ಕೆಮ್ಮು ಬರುತ್ತದೆ, ಎಲ್ಲೋ ಅಪರೂಪಕ್ಕೆ ಕೆಲವರಿಗೆ ರಕ್ತನಾಳದಿಂದ ನೀರು ಸೋರಿ ತುಟಿ, ನಾಲಿಗೆ ಊದುತ್ತದೆ. "ಇದು ಅಲರ್ಜಿ ಅಲ್ಲ, ಅದಕ್ಕೇ ಅಲರ್ಜಿ ಇಂಜೆಕ್ಷನ್‌ಗೆ ಊತ ಬಗ್ತಿಲ್ಲ. ಒಂದೇ ಮಾತ್ರೆಗೂ ಹೀಗಾಗಬಹುದು. ಇವರು ಐದು ನುಂಗಿದ್ದಾರೆ, ಸಣ್ಣ ಶಕ್ತಿಯ ಮಾತ್ರೆ ಆಗಿದ್ದಕ್ಕೆ ಬಿಪಿ ಪೂರ್ತಿ ಬಿದ್ದಿಲ್ಲ, ಪುಣ್ಯ" ಎಂದರು.

ಮೊದಲ ಸಲ ಹೋದ ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್‌ನಿಂದ ಇಳಿಯಿತೆಂದುಕೊಂಡ ಊತ ತಾನಾಗಿಯೇ ಇಳಿದಿತ್ತು.

ಆ ಸೇರಿಕೊಂಡ ಪದಾರ್ಥದ ಕೆಲಸಕ್ಕೆ ಅಡ್ಡ ನಿಲ್ಲುವ ಇಂಜೆಕ್ಷನ್ ಒಂದಿದೆಯಂತೆ. ಆ ಆಸ್ಪತ್ರೆಯಲ್ಲಿರಲಿಲ್ಲ, ಬೇರೆ ಕಡೆಯಿಂದ ತರಿಸಬೇಕಾಯಿತು. "ಕೆಲವರಿಗೆ ಕೆಲಸ ಮಾಡುತ್ತೆ, ಕೆಲವರಿಗೆ ಮಾಡಲ್ಲ, ನೋಡೋಣ" ಎಂದರು. ಅದು ಬರುವವರೆಗೆ ನಾನೂ ಮಗಳೂ ಬೆಂಚಿನ ಮೇಲೆ ಅಕ್ಕಪಕ್ಕ ಕೂತೆವು. ಇಬ್ಬರೂ ಒಂದೇ ಬಾಗಿಲನ್ನು ನೋಡುತ್ತಿದ್ದೆವು. ಅವಳ ಕೈ ತಣ್ಣಗಿತ್ತು. ಯಾವಾಗ ಹಿಡಿದುಕೊಂಡೆನೋ ನನಗೇ ಗೊತ್ತಿಲ್ಲ. ಇಂಜೆಕ್ಷನ್ ಬಂತು, ಹೊಟ್ಟೆಯ ಚರ್ಮಕ್ಕೆ ಕೊಟ್ಟರು. ಸಂಜೆಯಾಗುವ ಹೊತ್ತಿಗೆ ನಾಲಿಗೆ ಬಾಯೊಳಗೆ ಕೂತಿತು. ಕೊಳವೆ ಬೇಕಾಗಲಿಲ್ಲ.

"ಚಿಕ್ಕಮ್ಮ, ನನ್ನನ್ನ ಕ್ಷಮಿಸಿ. ನಿಮ್ಮ ಡಬ್ಬಿಗಳನ್ನೆಲ್ಲ..." ಎಂದು ಮಗಳು ಶುರು ಮಾಡಿ ಮುಗಿಸಲಾಗದೆ ಅತ್ತಳು. "ಅರಿಶಿನ ಅರಿಶಿನವೇ ಅಂತ ಗೊತ್ತಾಯ್ತಲ್ಲ, ಬಿಡು" ಎಂದೆ. ಅವಳ ಮೇಲೆ ನನಗೆ ಈಗ ಸಿಟ್ಟಿಲ್ಲ. ಇದ್ದದ್ದನ್ನು ಮುಖದ ಮೇಲೆ ಹೇಳಿದಳು, ತಪ್ಪೆಂದು ಗೊತ್ತಾದಾಗ ಅದನ್ನೂ ಮುಖದ ಮೇಲೆ ಹೇಳಿದಳು. ಅವಳ ಹಣ್ಣನ್ನು ನಾನು ಅನುಮಾನಿಸಿದ್ದನ್ನು ಮಾತ್ರ ಇನ್ನೂ ಹೇಳಿಲ್ಲ.

ಇವರಿಗೆ ಬಾಯಿ ಬಂದ ಮೇಲೆ ಚೆನ್ನಾಗಿ ತರಾಟೆಗೆ ತೆಗೆದುಕೊಂಡೆ. "ಗುಟ್ಟಾಗಿ ಹಿಡಿ ಮಾತ್ರೆ ನುಂಗೋದು ನೀವು, ಗೂಬೆ ಕೂರಿಸಿದ್ದು ನನ್ನ ತಲೆ ಮೇಲೆ. ಒಂದು ಮಾತು ಹೇಳಬಾರದಿತ್ತಾ?"

"ಔಷಧಿ ಊದಿಸುತ್ತೆ ಅಂತ ಯಾರಿಗೆ ಗೊತ್ತಿತ್ತು ಕಣೇ? ಊತ ಇಳಿಸೋದು ಔಷಧಿ, ಊದಿಸೋದು ಊಟ ಅಂದ್ಕೊಂಡಿದ್ದೆ" ಎಂದರು.

"ಅಂದ್ರೆ ನನ್ನ ಊಟ."

"ಛೇ, ಛೇ. ನಿನ್ನನ್ನ ಒಂದು ದಿನವೂ ಅನುಮಾನಿಸಲಿಲ್ಲ. ಮಗಳ ಮೇಲಾಣೆ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ನಾನು ನಂಬಿದೆ.

ಆ ಜಾತಿಯ ಮಾತ್ರೆಯನ್ನು ಇನ್ನು ಜನ್ಮದಲ್ಲಿ ಮುಟ್ಟಬಾರದೆಂದು ಕೆಂಪು ಅಕ್ಷರದಲ್ಲಿ ಬರೆದುಕೊಟ್ಟಿದ್ದಾರೆ. ಬೇರೆ ಬಗೆಯ ಮಾತ್ರೆ ಕೊಟ್ಟಿದ್ದಾರೆ. ಕೆಮ್ಮು ಕಡಿಮೆಯಾಗುತ್ತಿದೆ, ಪೂರ್ತಿ ಹೋಗಲು ಕೆಲವು ವಾರ ಬೇಕಂತೆ. ಊತ ಮತ್ತೆ ಬಂದಿಲ್ಲ. ಮೊಟ್ಟೆ, ಮೀನು, ಕಡಲೆಕಾಯಿ ಎಲ್ಲವೂ ಮನೆಗೆ ವಾಪಸ್ಸು ಬಂದಿವೆ. ಅಂಗಡಿಯ ಮೇಲಿನ ಕೋಣೆ ಖಾಲಿಯಿದೆ ಎಂದು ಬರೆದಿದ್ದೆಯಲ್ಲ, ಬೇಡವೆಂದು ಯಜಮಾನರಿಗೆ ಹೇಳಿಬಿಡು.

ನಿನ್ನ ಮಗ ಸೊಸೆ ನೂರು ಕಾಲ ಚೆನ್ನಾಗಿರಲಿ, ಮೊಮ್ಮಗುವಿಗೆ ಹಲ್ಲು ಬೇಗ ಬರಲಿ. ನಿನ್ನ ಕಿವಿಗೆ ನನ್ನ ದನಿ ಕೇಳಿಸುವಷ್ಟು ಕಾಲ ನಾವಿಬ್ಬರೂ ಇರೋಣ.

ನಿನ್ನ
ಕತ್ತರಿ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದೆಂದುಕೊಂಡಿದ್ದೆ. ಆಸ್ಪತ್ರೆಯಿಂದ ಬಂದಾಗಿನಿಂದ ನೋಡುತ್ತಿದ್ದೇನೆ. ಊಟಕ್ಕೆ ಕೂತರೆ ಇವರು ಬೇಗ ಶುರು ಮಾಡುವುದಿಲ್ಲ. ತಟ್ಟೆ ಎಳೆದುಕೊಳ್ಳುತ್ತಾರೆ, ಮಾರುಕಟ್ಟೆಯ ಯಾವುದೋ ಕಥೆ ತೆಗೆಯುತ್ತಾರೆ, ನನ್ನ ಕೈಯನ್ನೇ ನೋಡುತ್ತಾರೆ. ನಾನು ಮೊದಲ ತುತ್ತು ನುಂಗಿದ ಮೇಲೆ ಇವರ ಕೈ ತಟ್ಟೆಗೆ ಹೋಗುತ್ತದೆ. ಹಾಗೆ ಮಾಡುತ್ತಿದ್ದೇನೆಂದು ಇವರಿಗೇ ಗೊತ್ತಿಲ್ಲ ಎಂದು ಕಾಣುತ್ತದೆ. ಎಲ್ಲ ಗೊತ್ತಾದ ಮೇಲೂ ಹೀಗೆ, ಗುಂಡಿ. ಇವತ್ತು ಬೆಳಗ್ಗೆ ಇವರ ಕಾಫಿ ಲೋಟದಿಂದ ನಾನು ಒಂದು ಗುಟುಕು ಕುಡಿದು, ಇವರ ಕಣ್ಣೆದುರಿಗೇ ಕುಡಿದು, ಲೋಟ ಕೊಟ್ಟೆ. ತೆಗೆದುಕೊಂಡು ಕುಡಿದರು. ಯಾಕೆ ಹಾಗೆ ಮಾಡಿದೆ ಎಂದು ಕೇಳಲಿಲ್ಲ.